ಗಣಕಯಂತ್ರವೂ ಏಕಾಂತ ಸಂಭಾಷಣೆಯ ರಕ್ಷಣೆಯೂ

'ಗುಪ್ತ' ಎಂಬ ಶಬ್ದವನ್ನು ಕೇಳಿದೊಡನೆ ಇಂದಿನ ವಿದ್ಯಾರ್ಥಿಯ ಮನಸ್ಸಿಗೆ ಹೊಳೆಯುವ ಅರ್ಥ 'ಬಚ್ಚಿಟ್ಟದ್ದು' ಎಂಬುದು. ಬಚ್ಚಿಟ್ಟದ್ದೆಂದ ಮೇಲೆ ಅದರಲ್ಲಿ ಏನೋ ಅಪರಾಧವಿರಬೇಕೆಂಬ ಶಂಕೆಯೂ ಬೆನ್ನ ಹಿಂದೆಯೇ ಬರುತ್ತದೆ. ಆದರೆ ಈ ಶಬ್ದಕ್ಕೆ ಮೂಲವಾದ 'ಗುಪ್' ಧಾತುವಿಗೆ ವೈಯಾಕರಣರು ಹೇಳಿರುವ ಅರ್ಥ ರಕ್ಷಣೆ. ಯಾವುದು ಕಾಪಾಡಲ್ಪಟ್ಟಿತೋ ಅದು ಗುಪ್ತ, ಕಾಪಾಡುವವನು ಗೋಪ್ತೃ. 'ರಹಸ್ಯ' ಎಂಬ ಮಾತೂ ಇಂತಹುದೇ. 'ರಹಸ್' ಎಂದರೆ ಏಕಾಂತ. ಏಕಾಂತದಲ್ಲಿ ಆಡತಕ್ಕ ಮಾತು ರಹಸ್ಯ. ಅದರಲ್ಲಿ ಕಪಟದ ಸೋಂಕು ಇರಲೇಬೇಕೆಂಬ ನಿಯಮವಿಲ್ಲ. ತಾಯಿ ಮಗಳಿಗೆ ಹೇಳುವ ಬುದ್ಧಿಮಾತು, ರೋಗಿಯು ವೈದ್ಯನಿಗೆ ಹೇಳುವ ವ್ಯಥೆ, ಗೆಳೆಯನು ಗೆಳೆಯನಲ್ಲಿ ತೋಡಿಕೊಳ್ಳುವ ಅಳಲು, ಇವೆಲ್ಲವೂ ರಹಸ್ಯಗಳೇ.

ಈ ಶಬ್ದವಿಚಾರವನ್ನು ಇಲ್ಲಿ ಎತ್ತಿಕೊಂಡುದಕ್ಕೆ ಕಾರಣವುಂಟು. ಶಾಲೆಯ ಪ್ರಯೋಗಶಾಲೆ, ಗ್ರಂಥಾಲಯ, ಪ್ರಸಾದನಿಲಯ, ಪೇಟೆಯ ಸೈಬರ್ ಅಂಗಡಿ, ಅಥವಾ ನಾಲ್ಕಾರು ಮಂದಿ ಇರುವ ಮನೆ, ಎಲ್ಲಿಯೇ ಆಗಲಿ ಒಂದೇ ಗಣಕಯಂತ್ರವನ್ನು ಹಲವರು ಸರದಿಯ ಮೇಲೆ ಬಳಸುವ ಪದ್ಧತಿ ಇಂದಿಗೂ ಉಳಿದಿದೆ. ಅಲ್ಲಿ ಕುಳಿತು ಅಂತರಜಾಲದ ಮೂಲಕ ಪತ್ರವ್ಯವಹಾರ ನಡೆಸುವವನು ತನ್ನ ಮಾತನ್ನು ಕಾಪಾಡಿಕೊಳ್ಳಲು ತುಸು ಎಚ್ಚರ ವಹಿಸಿದರೆ, ಪಕ್ಕದಲ್ಲಿದ್ದವರು "ಮುಚ್ಚಿಡುವಂಥದ್ದು ಏನಪ್ಪಾ ಇದೆ?" ಎಂದು ನಗುವುದುಂಟು. ಈ ನಗೆಗೆ ಹೆದರಿ ಎಚ್ಚರವನ್ನೇ ಬಿಟ್ಟುಕೊಡುವ ಬಾಲಕರು ಅನೇಕರು.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಪ್ರಸಾದನಿಲಯದಲ್ಲಿದ್ದು ಪಿ.ಯು. ತರಗತಿಯಲ್ಲಿ ಓದುತ್ತಿರುವ ಒಬ್ಬ ಬಾಲಕ. ಅವನಿಗೆ, ಮದುವೆಯಾಗಿ ದೂರದ ಊರಿನಲ್ಲಿರುವ ಒಬ್ಬ ಅಕ್ಕ. ಗಂಡನ ಮನೆಯಲ್ಲಿ ತಾನು ಪಡುತ್ತಿರುವ ಸಂಕಟವನ್ನು ತಾಯಿಗೆ ತಿಳಿಸಿದರೆ ಆಕೆ ಕೊರಗಿ ಹಾಸಿಗೆ ಹಿಡಿದಾಳೆಂದು, ಅಕ್ಕ ಅದನ್ನು ತಮ್ಮನೊಬ್ಬನಿಗೇ ಇ-ಮೇಲಿನಲ್ಲಿ ಬರೆಯುತ್ತಾಳೆ. ಒಂದು ಸಂಜೆ ಬಾಲಕನು ಆಕೆಗೆ ಉತ್ತರ ಬರೆದು ಮುಗಿಸುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಪರದೆಯ ಮೂಲೆಯ ಗುಣಿಸುಗುರುತನ್ನು ಒತ್ತಿ ಎದ್ದುಹೋದ. ಮುಂದಿನ ಸರದಿಯವನು ಬಂದು ಅದೇ ತಾಣವನ್ನು ತೆರೆದಾಗ ಅಕ್ಕನ ಓಲೆಗಳ ಸಾಲೇ ಅವನೆದುರಿಗೆ ನಿಂತಿತು. ಎರಡು ದಿನಗಳಲ್ಲಿ ಅದು ಪಂಕ್ತಿಯ ಮಾತಾಯಿತು. ಆಕೆಯ ಗಂಡನ ಊರಿನ ಕಡೆಯ ಹುಡುಗನೂ ಅಲ್ಲಿದ್ದುದರಿಂದ, ತಿಂಗಳು ತುಂಬುವುದರೊಳಗೆ ಅತ್ತೆಯ ಕಿವಿಗೂ ಮುಟ್ಟಿತು. ಇಲ್ಲಿ ಅಜಾಗರೂಕತೆ ತಮ್ಮನದು. ಫಲವನ್ನು ಉಣ್ಣಬೇಕಾದವಳು ಅಕ್ಕ. ಸಂಭಾಷಣೆಯೆಂಬುದು ಇಬ್ಬರ ಸೊತ್ತಾದುದರಿಂದ, "ನನ್ನಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ" ಎಂದು ಒಬ್ಬನು ಎದೆ ತಟ್ಟಿಕೊಂಡು ಹೇಳಿದರೂ ಆ ಮಾತು ಅರ್ಧಕ್ಕೆ ಮಾತ್ರ ಸಲ್ಲುತ್ತದೆ. ಉಳಿದರ್ಧವನ್ನು ಬಯಲಿಗಿಡುವ ಅಧಿಕಾರ ಅವನಿಗೆ ಇಲ್ಲ.

ಇದೇ ತತ್ತ್ವವನ್ನು ಬಹು ಹಿಂದೆಯೇ ನಾಟಕದ ವಸ್ತುವಾಗಿಸಿದವನು ವಿಶಾಖದತ್ತ. ಅವನ 'ಮುದ್ರಾರಾಕ್ಷಸ'ದ ಕಥಾವಸ್ತುವನ್ನು ಆಧರಿಸಿ ಕೆಂಪುನಾರಾಯಣನು 1823ರಲ್ಲಿ 'ಮುದ್ರಾಮಂಜೂಷ'ವೆಂಬ ಕನ್ನಡ ಗದ್ಯಗ್ರಂಥವನ್ನು ರಚಿಸಿದುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಸಂಸ್ಕೃತ ನಾಟಕದಲ್ಲಿ, ನಂದರ ಅಮಾತ್ಯನಾದ ರಾಕ್ಷಸನು ಪಾಟಲಿಪುತ್ರವನ್ನು ಬಿಟ್ಟು ಹೋಗುವಾಗ ತನ್ನ ಹೆಂಡತಿ ಮಕ್ಕಳನ್ನು ಪರಮಮಿತ್ರನಾದ ಚಂದನದಾಸನ ಮನೆಯಲ್ಲಿ ಇರಿಸಿರುತ್ತಾನೆ. ಒಂದು ದಿನ ಮಗುವೊಂದು ಕುತೂಹಲದಿಂದ ಬಾಗಿಲಾಚೆಗೆ ಓಡಿಬರುತ್ತದೆ. ಒಳಗಿನಿಂದ ಹೆಣ್ಣಿನ ಕೈಯೊಂದು ಅದನ್ನು ಹಿಡಿದೆಳೆಯುತ್ತದೆ. ಗಂಡಸಿನ ಬೆರಳಿನ ಅಳತೆಗೆ ಮಾಡಿಸಿದ್ದ ಮುದ್ರೆಯುಂಗುರವು ಆ ಅವಸರದಲ್ಲಿ ಬೆರಳಿನಿಂದ ಜಾರಿ, ಹೊಸ್ತಿಲು ದಾಟಿ ಉರುಳಿ, ಚಾಣಕ್ಯನ ಗೂಢಚಾರನ ಕಾಲ ಬಳಿಗೆ ಬರುತ್ತದೆ. ಮುಂದಿನ ಅನರ್ಥವೆಲ್ಲ ಆ ಉಂಗುರದಿಂದಲೇ. ಅದನ್ನು ಒತ್ತಿದ ಪತ್ರವನ್ನು ಕಂಡವರು ರಾಕ್ಷಸನದೇ ಪತ್ರವೆಂದು ನಂಬುತ್ತಾರೆ. ರಾಕ್ಷಸನ ಕೈಬರಹ ಬೇಕಾಗಿಲ್ಲ, ರಾಕ್ಷಸನೇ ಬೇಕಾಗಿಲ್ಲ, ಮುದ್ರೆಯಿದ್ದರೆ ಸಾಕು. ಉಂಗುರ ಕಳೆದುದು ರಾಕ್ಷಸನ ಮನೆಯವರಿಂದ. ವಧ್ಯಸ್ಥಾನದವರೆಗೆ ನಡೆಯಬೇಕಾಗಿ ಬಂದುದು ಆಶ್ರಯ ಕೊಟ್ಟ ಚಂದನದಾಸ.

ಗಣಕಯಂತ್ರದಲ್ಲಿ ಈ ಉಂಗುರ ಯಾವುದು, ಅದು ಜಾರಿ ಬೀಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಗುಪ್ತಪದ ಅಥವಾ ಪಾಸ್‌ವರ್ಡ್ ಎಂದು ಇಂದು ಪ್ರಸಿದ್ಧವಾಗಿರುವ ಉಪಾಯವು ಗಣಕಯಂತ್ರಗಳಿಗೆ ಬಂದುದೇ ಹಲವರು ಒಂದೇ ಯಂತ್ರವನ್ನು ಹಂಚಿಕೊಳ್ಳಬೇಕಾಗಿ ಬಂದುದರಿಂದ ಎಂಬುದು ಗಮನಾರ್ಹವಾದ ಸಂಗತಿ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬ ವಿಜ್ಞಾನಿಯ ನೇತೃತ್ವದಲ್ಲಿ, ಒಂದು ದೊಡ್ಡ ಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸುವ ವ್ಯವಸ್ಥೆಯೊಂದು 1961ರಲ್ಲಿ ಮೊದಲು ಪ್ರದರ್ಶಿತವಾಯಿತು. ಯಂತ್ರ ಒಂದೇ, ಕಡತಗಳು ಮಾತ್ರ ಒಬ್ಬೊಬ್ಬರವು ಬೇರೆ ಬೇರೆ. ಒಬ್ಬನ ಕಡತಕ್ಕೆ ಮತ್ತೊಬ್ಬನು ಕೈಹಾಕದಂತೆ ಪ್ರತಿಯೊಬ್ಬನಿಗೂ ಒಂದೊಂದು ಗುಪ್ತಪದವನ್ನು ಗೊತ್ತುಮಾಡಿದರು. ಈ ಬೀಗವನ್ನು ಮುರಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. ವಾರಕ್ಕೆ ನಾಲ್ಕೇ ಗಂಟೆಗಳ ಅವಕಾಶ ದೊರೆಯುತ್ತಿದ್ದ ಒಬ್ಬ ಸಂಶೋಧನ ವಿದ್ಯಾರ್ಥಿಯು 1962ರಲ್ಲಿ, ಗುಪ್ತಪದಗಳ ಕಡತವನ್ನೇ ಅಚ್ಚು ಹಾಕಿಕೊಡುವಂತೆ ಯಂತ್ರಕ್ಕೆ ರಂಧ್ರಪತ್ರದ ಮೂಲಕ ಆಜ್ಞೆ ಕೊಟ್ಟು, ಎಲ್ಲರ ಗುಪ್ತಪದಗಳನ್ನೂ ಪಡೆದುಕೊಂಡು, ಪರರ ಪಾಲಿನ ಹೊತ್ತನ್ನು ಉಪಯೋಗಿಸಿಕೊಂಡನು. 1966ರಲ್ಲಿ ನಡೆದುದು ಇನ್ನೂ ವಿಲಕ್ಷಣ. ಯಂತ್ರದ ಎದುರು ಕುಳಿತವರನ್ನು ಸ್ವಾಗತಿಸುವ ದೈನಂದಿನ ಸೂಚನೆಯ ಕಡತಕ್ಕೂ ಗುಪ್ತಪದಗಳ ಕಡತಕ್ಕೂ ಅದಲುಬದಲಾಗಿ, ಒಳಬಂದವರೆಲ್ಲರಿಗೂ ಸರ್ವರ ಗುಪ್ತಪದಗಳ ಪಟ್ಟಿಯೇ ಸ್ವಾಗತವಾಕ್ಯದ ಸ್ಥಾನದಲ್ಲಿ ಕಾಣಿಸಿಕೊಂಡಿತು! ಮೊದಲನೆಯದು ಚತುರನೊಬ್ಬನ ಕುಯುಕ್ತಿ, ಎರಡನೆಯದು ಯಾರ ದುರುದ್ದೇಶವೂ ಇಲ್ಲದ ಪ್ರಮಾದ. ಹಂಚಿಕೊಂಡ ಯಂತ್ರದಲ್ಲಿ ಅಂದಿನಂತೆ ಇಂದಿಗೂ ಭಯವು ಬರುವುದು ಈ ಎರಡೇ ದಾರಿಗಳಿಂದ. ಅವುಗಳಲ್ಲಿ ಪ್ರಮಾದದ ದಾರಿಯೇ ಹೆಚ್ಚು ಅಗಲ.

ಅಂದಿನಿಂದ ಇಂದಿನವರೆಗೆ ಪತ್ರವು ಸಾಗುವ ಮಾರ್ಗವನ್ನು ಭದ್ರಪಡಿಸುವ ವಿದ್ಯೆ ಬಹಳ ಮುಂದುವರಿದಿದೆ. ಇದರಲ್ಲಿ ಮುಖ್ಯವಾದುದು ಗೂಢಲೇಖನ. ಬರೆದ ಮಾತನ್ನು ಗಣಿತದ ಕ್ರಮದಿಂದ ಕಲಸಿ, ಕೀಲಿಯುಳ್ಳವನಿಗೆ ಮಾತ್ರ ಬಿಡಿಸಲು ಸಾಧ್ಯವಾಗುವಂತೆ ಮಾಡುವುದೇ ಅದರ ಸ್ವರೂಪ. ವಾಟ್ಸಾಪ್ ಸಂಸ್ಥೆಯು 2016ರ ಏಪ್ರಿಲಿನಲ್ಲಿ ತನ್ನ ಎಲ್ಲ ಬಳಕೆದಾರರ ಸಂದೇಶಗಳಿಗೂ ತುದಿಯಿಂದ ತುದಿಯವರೆಗಿನ ಗೂಢಲೇಖನವನ್ನು ಅಳವಡಿಸಿತು. ಕಳುಹಿಸಿದವನ ಸಾಧನದಿಂದ ಹೊರಟ ಮಾತು ಪಡೆಯುವವನ ಸಾಧನವನ್ನು ಸೇರುವವರೆಗೆ ನಡುವಿನ ಯಾರಿಗೂ, ಆ ಸಂಸ್ಥೆಗೂ ಕೂಡ, ತಿಳಿಯುವಂತಿಲ್ಲ ಎಂಬುದು ಇದರ ತಾತ್ಪರ್ಯ. ಇದನ್ನು ಕೇಳಿದ ಅನೇಕರು ಇನ್ನು ತಮ್ಮ ಮಾತಿಗೆ ಭಯವಿಲ್ಲವೆಂದು ನಿಶ್ಚಿಂತರಾಗಿಬಿಡುವರು. 'ತುದಿಯಿಂದ ತುದಿಯವರೆಗೆ' ಎಂಬ ಮಾತಿನಲ್ಲಿ ತುದಿಗಳು ಸೇರಿಲ್ಲವೆಂಬುದನ್ನು ಅವರು ಲಕ್ಷಿಸುವುದಿಲ್ಲ. ಅರಗಿನ ಮುದ್ರೆಯೊತ್ತಿದ ಲಕೋಟೆಯನ್ನು ದಾರಿಯಲ್ಲಿ ಯಾರೂ ಒಡೆಯಲಿಲ್ಲ, ನಿಜ. ಮನೆಯಲ್ಲಿ ಒಡೆದು ಓದಿ ಜಗಲಿಯ ಮೇಲೆ ಬಿಟ್ಟುಬಂದರೆ ಅರಗು ತಾನೇ ಏನು ಮಾಡೀತು? ಹಲವರ ಗಣಕಯಂತ್ರವೆಂಬುದು ಇಂತಹ ಜಗಲಿ.

ಇನ್ನು ಉಂಗುರದ ವಿಚಾರ. ತಾಣವೊಂದಕ್ಕೆ ಒಬ್ಬನು ತನ್ನ ಹೆಸರನ್ನೂ ಗುಪ್ತಪದವನ್ನೂ ಕೊಟ್ಟು ಪ್ರವೇಶಿಸಿದ ಮೇಲೆ, ಪುಟ ಪುಟಕ್ಕೂ ಅವನನ್ನು ತಡೆದು ಮತ್ತೆ ಗುಪ್ತಪದವನ್ನು ಕೇಳಿದರೆ ಕೆಲಸ ಸಾಗದು. ಆದುದರಿಂದ ತಾಣವು ಅವನ ಯಂತ್ರದಲ್ಲಿರುವ ಬ್ರೌಸರಿನ ಕೈಗೆ ಒಂದು ಕುರುಹನ್ನು ಕೊಟ್ಟಿರುತ್ತದೆ. ಮುಂದೆ ಆ ಕುರುಹನ್ನು ತೋರಿಸಿದವರು ಯಾರೇ ಆಗಲಿ, ಅವರೇ ಖಾತೆಯ ಒಡೆಯರೆಂದು ತಾಣವು ಭಾವಿಸುತ್ತದೆ. ಈ ಬಗೆಯ ಕುರುಹನ್ನು ಇಡುವ ಉಪಾಯವು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಹುಟ್ಟಿತು. ಅದಕ್ಕೆ 'ಕುಕೀ' ಎಂದು ಹೆಸರಿಟ್ಟರು. ತಿನ್ನುವ ಬಿಸ್ಕತ್ತಿನ ಹೆಸರು ಇಷ್ಟು ಗಂಭೀರವಾದ ವಸ್ತುವಿಗೆ ಬಂದುದರಿಂದಲೇ ಜನರು ಅದನ್ನು ಹಗುರಾಗಿ ಕಾಣುವರೋ ಏನೋ! ಮುದ್ರೆಯುಂಗುರವೆಂದು ಕರೆದಿದ್ದರೆ ಒಪ್ಪುತ್ತಿತ್ತು. ಗುಣಿಸುಗುರುತನ್ನು ಒತ್ತಿ ಕಿಟಕಿಯನ್ನು ಮುಚ್ಚಿದ ಮಾತ್ರಕ್ಕೆ ಈ ಉಂಗುರವು ಬೆರಳನ್ನು ಬಿಟ್ಟು ಒಡೆಯನ ಜೇಬಿಗೆ ಹಿಂದಿರುಗುವುದಿಲ್ಲ. ಅದು ಯಂತ್ರದಲ್ಲಿಯೇ ಉಳಿಯುತ್ತದೆ; ತಾಣವು ಗೊತ್ತುಮಾಡಿದ ಅವಧಿ ಮುಗಿಯುವವರೆಗೆ, ಕೆಲವೊಮ್ಮೆ ವಾರಗಟ್ಟಲೆ ತಿಂಗಳುಗಟ್ಟಲೆ ಊರ್ಜಿತವಾಗಿರುತ್ತದೆ. ದೃಷ್ಟಾಂತದ ಬಾಲಕನು ಮಾಡಿದ ತಪ್ಪು ಇದೊಂದೇ. ಅವನು ಬಾಗಿಲನ್ನು ಎಳೆದುಕೊಂಡು ಹೋದನು, ಬೀಗ ಹಾಕಲಿಲ್ಲ.

ಬೀಗ ಹಾಕುವ ಕ್ರಿಯೆಗೆ 'ಲಾಗ್ ಔಟ್' ಅಥವಾ 'ಸೈನ್ ಔಟ್' ಎಂದು ಹೆಸರು. ಸಾಮಾನ್ಯವಾಗಿ ಪುಟದ ಮೇಲ್ಭಾಗದ ಮೂಲೆಯಲ್ಲಿ ಖಾತೆಯ ಹೆಸರಿನ ಅಥವಾ ಭಾವಚಿತ್ರದ ಕೆಳಗೆ ಇದು ಅಡಗಿರುತ್ತದೆ. ಇದನ್ನು ಒತ್ತಿದಾಗ ತಾಣವೇ ಆ ಕುರುಹನ್ನು ರದ್ದುಗೊಳಿಸುತ್ತದೆ. ಒತ್ತಿದ ಬಳಿಕ ಅದೇ ತಾಣವನ್ನು ಇನ್ನೊಮ್ಮೆ ತೆರೆದು, ಗುಪ್ತಪದವನ್ನು ಕೇಳುವುದೋ ಇಲ್ಲವೋ ಎಂದು ಪರೀಕ್ಷಿಸಿ ಏಳುವುದು ಉತ್ತಮ. ಮನೆಗೆ ಬೀಗ ಹಾಕಿದವರು ಒಮ್ಮೆ ಜಗ್ಗಿ ನೋಡುವುದಿಲ್ಲವೆ?

ಪ್ರವೇಶದ ಹೊತ್ತಿನಲ್ಲಿಯೂ ಎರಡು ಪ್ರಲೋಭನೆಗಳು ಎದುರಾಗುತ್ತವೆ. 'ಕೀಪ್ ಮಿ ಸೈನ್ಡ್ ಇನ್' ಎಂದೋ 'ಟ್ರಸ್ಟ್ ದಿಸ್ ಡಿವೈಸ್' ಎಂದೋ ಒಂದು ಚೌಕವಿರುತ್ತದೆ. ಕೆಲವೆಡೆ ಅದರಲ್ಲಿ ಗುರುತು ಮೊದಲೇ ಬಿದ್ದಿರುತ್ತದೆ. ಅದನ್ನು ತೆಗೆಯತಕ್ಕದ್ದು. ಅನಂತರ, ಗುಪ್ತಪದವನ್ನು ನೆನಪಿಟ್ಟುಕೊಳ್ಳಲೇ ಎಂದು ಬ್ರೌಸರು ವಿನಯದಿಂದ ಕೇಳುತ್ತದೆ. ಹೂಂ ಎಂದರೆ, ಮುಂದೆ ಕುಳಿತವರಿಗೆಲ್ಲ ಅದು ಅಷ್ಟೇ ವಿನಯದಿಂದ ಆ ಗುಪ್ತಪದವನ್ನು ತುಂಬಿಕೊಡುತ್ತದೆ. ಯಂತ್ರಕ್ಕೆ ಒಡೆಯನೂ ಅಪರಿಚಿತನೂ ಒಂದೇ. ಮುಖವನ್ನು ನೋಡಿ ಮಣೆ ಹಾಕುವ ವಿವೇಕ ಅದಕ್ಕಿಲ್ಲ.

ಈ ತೊಡಕುಗಳಿಗೆಲ್ಲ ಒಂದೇ ಮದ್ದೆಂಬಂತೆ ಕೆಲವರು 'ಪ್ರೈವೇಟ್' ಅಥವಾ 'ಇನ್‌ಕಾಗ್ನಿಟೊ' ಎಂಬ ಕಿಟಕಿಯನ್ನು ಹೇಳುವರು. 2005ರಲ್ಲಿ ಸಫಾರಿಯಲ್ಲಿಯೂ 2008ರಲ್ಲಿ ಕ್ರೋಮ್‌ನಲ್ಲಿಯೂ ಬಂದ ಈ ಸೌಕರ್ಯವು ಈಗ ಎಲ್ಲ ಬ್ರೌಸರುಗಳಲ್ಲಿಯೂ ಇದೆ. ಇದು ನಿಜವಾಗಿಯೂ ಉಪಯುಕ್ತ. ಈ ಬಗೆಯ ಕಿಟಕಿಗಳನ್ನೆಲ್ಲ ಮುಚ್ಚಿದಾಗ ಅವುಗಳಲ್ಲಿ ಸಂಗ್ರಹವಾಗಿದ್ದ ಕುಕೀಗಳೂ ನೋಡಿದ ಪುಟಗಳ ಪಟ್ಟಿಯೂ ಅಳಿಯುತ್ತವೆ. 'ಎಲ್ಲ' ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಎರಡು ಕಿಟಕಿಗಳನ್ನು ತೆರೆದು ಒಂದನ್ನು ಮುಚ್ಚಿದರೆ ಉಂಗುರವು ಇನ್ನೊಂದರಲ್ಲಿ ಉಳಿದಿರುತ್ತದೆ. ಇದಲ್ಲದೆ ಈ ಕಿಟಕಿಯ ಹೆಸರೇ ಜನರಲ್ಲಿ ಸಲ್ಲದ ಭರವಸೆಯನ್ನು ಹುಟ್ಟಿಸುತ್ತದೆ. ಓಲೆಯೊಡನೆ ಬಂದ ಚಿತ್ರವನ್ನೋ ಕಾಗದವನ್ನೋ ಇಳಿಸಿಕೊಂಡರೆ ಅದು 'ಡೌನ್‌ಲೋಡ್ಸ್' ಕಡತಕೋಶದಲ್ಲಿ ಹಾಗೆಯೇ ಕುಳಿತಿರುತ್ತದೆ; ಅಲ್ಲಿಂದ ಅಳಿಸಿದರೂ ಕಸದ ಬುಟ್ಟಿಯಲ್ಲಿ ಸಿಗುತ್ತದೆ. ಶಾಲೆಯ ಅಥವಾ ಅಂಗಡಿಯ ಜಾಲವನ್ನು ನೋಡಿಕೊಳ್ಳುವವರಿಗೆ, ಯಾವ ತಾಣಕ್ಕೆ ಹೋದರೆಂಬುದು ಈ ಕಿಟಕಿಯಿಂದ ಮರೆಯಾಗುವುದಿಲ್ಲ. ತಾಣದೊಡನೆ ನಡೆಯುವ ವ್ಯವಹಾರವು ಗೂಢಲೇಖನದಲ್ಲಿದ್ದರೆ ಆಡಿದ ಮಾತು ಅವರಿಗೆ ಜಾಲದ ಮೂಲಕ ತಿಳಿಯದು. ಆದರೆ ಯಂತ್ರದಲ್ಲಿಯೇ ಕಾವಲಿನ ತಂತ್ರಾಂಶವನ್ನು ಹಾಕಿದ್ದರೆ ಪರದೆಯ ಮೇಲಿರುವುದೆಲ್ಲವೂ ತಿಳಿಯಬಹುದು. ಇಂತಹ ತಂತ್ರಾಂಶವನ್ನು ಇರಿಸಿದ ವಿದ್ಯಾಸಂಸ್ಥೆಯು ಅದನ್ನು ವಿದ್ಯಾರ್ಥಿಗಳಿಗೆ ಮುಂಚಿತವಾಗಿ ತಿಳಿಸಿ, ಕೊಠಡಿಯ ಗೋಡೆಯ ಮೇಲೆ ಬರೆದು ಹಾಕುವುದು ನ್ಯಾಯ. ತಿಳಿಸಿ ಮಾಡಿದ ಕಾವಲು ಶಿಸ್ತಾಗುತ್ತದೆ. ತಿಳಿಸದೆ ಮಾಡಿದುದು ಬೇಹುಗಾರಿಕೆ.

ಕುಯುಕ್ತಿಯ ದಾರಿಯಲ್ಲಿ ಬರುವ ಭಯಗಳಲ್ಲಿ ಘೋರವಾದುದು, ಒತ್ತಿದ ಕೀಲಿಗಳನ್ನೆಲ್ಲ ಬರೆದಿಟ್ಟುಕೊಳ್ಳುವ ಕಳ್ಳ ಲೆಕ್ಕಿಗ. ಇದು ಕಣ್ಣಿಗೆ ಕಾಣದ ತಂತ್ರಾಂಶವಾಗಿರಬಹುದು. ಕೀಲಿಮಣೆಯ ತಂತಿಗೂ ಯಂತ್ರಕ್ಕೂ ನಡುವೆ ಸಿಕ್ಕಿಸಿದ ಹೆಬ್ಬೆರಳ ಗಾತ್ರದ ತುಣುಕಾಗಿಯೂ ಇರಬಹುದು. ನ್ಯೂಯಾರ್ಕ್ ನಗರದಲ್ಲಿ, ಸಾರ್ವಜನಿಕರಿಗೆ ಗಣಕಯಂತ್ರಗಳನ್ನು ಬಾಡಿಗೆಗೆ ಕೊಡುತ್ತಿದ್ದ ಹತ್ತಕ್ಕೂ ಹೆಚ್ಚು ನಕಲು ಅಂಗಡಿಗಳಲ್ಲಿ ಒಬ್ಬನು ಇಂತಹ ತಂತ್ರಾಂಶವನ್ನು ಹುದುಗಿಸಿಟ್ಟು, 450ಕ್ಕೂ ಮಿಕ್ಕಿ ಗುಪ್ತಪದಗಳನ್ನೂ ಬಳಕೆಯ ಹೆಸರುಗಳನ್ನೂ ಸಂಗ್ರಹಿಸಿದ್ದನು. 2003ರಲ್ಲಿ ನ್ಯಾಯಾಲಯದ ಮುಂದೆ ಅವನೇ ಅಪರಾಧವನ್ನು ಒಪ್ಪಿಕೊಂಡನು. ಇಂತಹ ಯಂತ್ರದಲ್ಲಿ ಲಾಗ್ ಔಟ್ ಮಾಡಿದರೂ ಪ್ರಯೋಜನವಿಲ್ಲ. ಕೀಲಿಯ ಅಚ್ಚು ಆಗಲೇ ಕಳ್ಳನ ಕೈಸೇರಿರುತ್ತದೆ. ಆದುದರಿಂದ ಖಾತೆಗೆ ಎರಡು ಹಂತದ ಪರಿಶೀಲನೆಯನ್ನು ಇರಿಸಿಕೊಳ್ಳುವುದು ಆವಶ್ಯಕ. ಆಗ ಗುಪ್ತಪದವೊಂದನ್ನೇ ಕದ್ದವನು ಒಡೆಯನ ಕೈಯಲ್ಲಿರುವ ಫೋನಿನ ಒಪ್ಪಿಗೆಯಿಲ್ಲದೆ ಒಳಹೋಗಲಾರ. ಇದಕ್ಕಿಂತಲೂ ಮೇಲಾದುದೆಂದರೆ, ಯಾರ ಕೈಯಲ್ಲಿತ್ತೋ ತಿಳಿಯದ ಯಂತ್ರದಲ್ಲಿ ಅಂತರಂಗದ ಮಾತನ್ನು ಆಡದಿರುವುದೇ. ಅರ್ಜಿ ತುಂಬಲು, ಫಲಿತಾಂಶ ನೋಡಲು ಅದು ಸಾಕು. ಅಕ್ಕನ ಓಲೆ ಒಂದು ದಿನ ಕಾಯಬಹುದು.

ವಾಟ್ಸಾಪಿನ ವಿಚಾರದಲ್ಲಿ ಒಂದು ವಿಶೇಷವುಂಟು. 2015ರಿಂದ ಅದನ್ನು ಗಣಕಯಂತ್ರದ ಬ್ರೌಸರಿನಲ್ಲಿಯೂ ತೆರೆಯಬಹುದಾಗಿದೆ. ಪರದೆಯ ಮೇಲೆ ಮೂಡುವ ಚೌಕಾಕೃತಿಯ ಸಂಕೇತವನ್ನು ಫೋನಿನ ಕ್ಯಾಮೆರಾಕ್ಕೆ ತೋರಿಸಿದರೆ ಸಾಕು, ಸಂಭಾಷಣೆಗಳು ಪರದೆಗೆ ಬರುತ್ತವೆ. ಗುಪ್ತಪದವನ್ನು ಒತ್ತಬೇಕಾಗಿಲ್ಲವಾದುದರಿಂದ ಕಳ್ಳ ಲೆಕ್ಕಿಗನಿಗೆ ಇಲ್ಲಿ ಗುಪ್ತಪದ ಸಿಗದು; ಅಷ್ಟರಮಟ್ಟಿಗೆ ಇದು ಗುಣ. ಆದರೆ ಮೊದಲು ಫೋನು ಜಾಲದಲ್ಲಿದ್ದರೆ ಮಾತ್ರ ನಡೆಯುತ್ತಿದ್ದ ಈ ವ್ಯವಸ್ಥೆಯು 2021ರಲ್ಲಿ ಬದಲಾಗಿ, ಫೋನು ಆರಿಹೋಗಿದ್ದರೂ ಗಣಕಯಂತ್ರದಲ್ಲಿ ಸಂದೇಶಗಳು ಬರುತ್ತಲೇ ಇರುವಂತಾಯಿತು. ಒಂದು ಫೋನಿಗೆ ನಾಲ್ಕು ಸಾಧನಗಳವರೆಗೆ ಹೀಗೆ ಜೋಡಿಸಬಹುದು. ಫೋನನ್ನು ಹದಿನಾಲ್ಕು ದಿನಗಳಿಗೂ ಹೆಚ್ಚು ಕಾಲ ಬಳಸದಿದ್ದರೆ ಜೋಡಣೆಯು ತಾನಾಗಿ ಕಳಚುತ್ತದೆ. ಪ್ರತಿದಿನವೂ ಫೋನು ಬಳಸುವವನು ಪ್ರಯೋಗಶಾಲೆಯ ಯಂತ್ರವನ್ನು ಕಳಚದೆ ಹೋದರೆ ಮುಂದಿನ ಮಾತುಗಳೂ ಅಲ್ಲಿಗೆ ಹರಿದುಹೋಗುತ್ತವೆ. ಹಳೆಯ ಪತ್ರವನ್ನು ಬಿಟ್ಟುಬಂದುದಷ್ಟೇ ಅಲ್ಲ, ನಾಳೆಯ ಪತ್ರಗಳಿಗೂ ಆ ವಿಳಾಸವನ್ನೇ ಕೊಟ್ಟು ಬಂದಂತಾಯಿತು. ಇದರ ವಿಪರೀತವೂ ನಡೆಯುವುದುಂಟು. ಮೇಜಿನ ಮೇಲಿದ್ದ ಪರರ ಫೋನನ್ನು ಕ್ಷಣಕಾಲ ಎತ್ತಿಕೊಂಡು ತನ್ನ ಮುಂದಿನ ಯಂತ್ರಕ್ಕೆ ಜೋಡಿಸಿಕೊಳ್ಳುವ ದುಷ್ಟಬುದ್ಧಿಯವರೂ ಇದ್ದಾರೆ. ಫೋನಿನಲ್ಲಿ 'ಲಿಂಕ್ಡ್ ಡಿವೈಸಸ್' ಎಂಬ ಪಟ್ಟಿಯಿದೆ. ಅದನ್ನು ಆಗಾಗ ತೆರೆದು, ಗುರುತಿಲ್ಲದ ಸಾಧನ ಕಂಡರೆ ಅಲ್ಲಿಯೇ ಕಳಚಿಹಾಕಬಹುದು.

ಮನೆಯಲ್ಲಿಯೂ ಪ್ರಸಾದನಿಲಯದಲ್ಲಿಯೂ ಬಳಸುವವರು ಗೊತ್ತಿರುವ ಕೆಲವರೇ ಆಗಿದ್ದರೆ, ಯಂತ್ರದಲ್ಲಿ ಒಬ್ಬೊಬ್ಬರಿಗೂ ಗುಪ್ತಪದಸಹಿತವಾದ ಪ್ರತ್ಯೇಕ ಖಾತೆಯನ್ನು ಮಾಡಿಕೊಡುವುದು ಸುಲಭವಾದ ಪರಿಹಾರ. ಬ್ರೌಸರಿನೊಳಗೆ ಹೆಸರು ಹೆಸರಿಗೆ ಮಾಡಿಕೊಳ್ಳುವ 'ಪ್ರೊಫೈಲ್' ಇದಕ್ಕೆ ಸಮನಲ್ಲ. ಅವುಗಳ ನಡುವೆ ಇರುವುದು ಗೋಡೆಯಲ್ಲ, ಗೆರೆ. ನಡುವೆ ಎದ್ದು ಹೋಗಬೇಕಾದಾಗ, ವಿಂಡೋಸ್ ಯಂತ್ರವಾದರೆ ವಿಂಡೋಸ್ ಕೀಲಿಯೊಡನೆ 'ಎಲ್' ಅಕ್ಷರವನ್ನು ಒತ್ತಿದರೆ ಪರದೆಗೆ ಬೀಗ ಬೀಳುತ್ತದೆ. ಊಟದ ಗಂಟೆಗೆ ಇದಕ್ಕಿಂತ ಹೆಚ್ಚು ಹೊತ್ತು ಬೇಕಿಲ್ಲ.

ಇಷ್ಟೆಲ್ಲ ಹೇಳಿದರೂ, ಸ್ನೇಹದ ಕುರುಹೆಂದು ಗುಪ್ತಪದವನ್ನೇ ಗೆಳೆಯರಿಗೆ ಒಪ್ಪಿಸುವ ಪದ್ಧತಿಯು ವಿದ್ಯಾರ್ಥಿಗಳಲ್ಲಿ ಬೆಳೆಯುತ್ತಿರುವುದು ಶೋಚನೀಯ. ಕೊಡದಿದ್ದರೆ ವಿಶ್ವಾಸವಿಲ್ಲವೆಂಬ ಆಕ್ಷೇಪ ಬೇರೆ. ಚಂದನದಾಸನು ಮಿತ್ರನಿಗಾಗಿ ಪ್ರಾಣವನ್ನೇ ಒಡ್ಡಿದನು. ಮಿತ್ರನ ಉಂಗುರವನ್ನು ತನ್ನ ಬೆರಳಿಗೆ ಕೇಳಲಿಲ್ಲ.

ರಾಜಶಾಸನವೂ ಈ ವಿಷಯದಲ್ಲಿ ಮೌನವಾಗಿಲ್ಲ. ದೂರವಾಣಿಯ ಸಂಭಾಷಣೆಯು ವ್ಯಕ್ತಿಯ ಖಾಸಗಿ ಜೀವನದ ಭಾಗವೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಹೇಳಿತು. ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಅದೇ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಏಕಕಂಠದಿಂದ ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು. ಅವರ ಹೆಸರಿನಿಂದಲೇ ಆ ತೀರ್ಪು ಇಂದು ಪ್ರಸಿದ್ಧವಾಗಿರುವುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಸಿ ಪ್ರಕರಣದಂತೆ, ಪರರ ಗುಪ್ತಪದವನ್ನು ಮೋಸದಿಂದ ಅಥವಾ ಅಪ್ರಾಮಾಣಿಕತೆಯಿಂದ ಬಳಸಿದವನಿಗೆ ಮೂರು ವರ್ಷಗಳವರೆಗಿನ ಕಾರಾಗೃಹವಾಸವನ್ನೂ ಒಂದು ಲಕ್ಷ ರೂಪಾಯಿಗಳವರೆಗಿನ ದಂಡವನ್ನೂ ವಿಧಿಸಬಹುದು.

ಅದಂತಿರಲಿ, ಸೈಬರ್ ಅಂಗಡಿಗಳಿಗಾಗಿ 2011ರಲ್ಲಿ ಮಾಡಿದ ನಿಯಮಗಳನ್ನು ಓದಿದರೆ ಬೇರೊಂದು ನೀತಿಯೇ ಕಾಣುತ್ತದೆ. ಅಡ್ಡತಟ್ಟಿಗಳಿದ್ದರೆ ಅವು ನೆಲದಿಂದ ನಾಲ್ಕೂವರೆ ಅಡಿಗಿಂತ ಎತ್ತರವಾಗಿರಕೂಡದು. ತಟ್ಟಿಗಳಿಲ್ಲದ ಕಡೆ ಯಂತ್ರದ ಪರದೆಗಳು ಅಂಗಡಿಯ ಬಯಲು ಭಾಗಕ್ಕೆ ಮುಖಮಾಡಿರತಕ್ಕದ್ದು. ಯಾವ ಯಾವ ತಾಣಗಳನ್ನು ನೋಡಿದರೆಂಬ ದಾಖಲೆಯನ್ನು ಒಂದು ವರ್ಷವಾದರೂ ಕಾದಿರಿಸತಕ್ಕದ್ದು. ದುಷ್ಕೃತ್ಯಗಳನ್ನು ತಡೆಯುವುದಕ್ಕಾಗಿ ಇವನ್ನು ವಿಧಿಸಿದ್ದಾರೆ, ಅದು ತಪ್ಪೆನ್ನಲಾಗದು. ಆದರೆ ಅಲ್ಲಿ ಕುಳಿತವನ ಬೆನ್ನ ಹಿಂದೆ ನಡೆದಾಡುವವರೆಲ್ಲರಿಗೂ ಅವನ ಪರದೆ ಕಾಣುವಂತಿರುವುದು ನಿಯಮದಿಂದಲೇ ಸಿದ್ಧವಾದುದು. ಹಕ್ಕು ಸಂವಿಧಾನದಲ್ಲಿದೆ, ಪರದೆ ಬಯಲಿಗಿದೆ ಎಂಬುದನ್ನು ಅರಿತವನು ಅಲ್ಲಿ ಏನನ್ನು ಬರೆಯಬೇಕು, ಏನನ್ನು ಬರೆಯಬಾರದು ಎಂಬುದನ್ನು ತಾನೇ ನಿರ್ಣಯಿಸಿಕೊಳ್ಳಬಲ್ಲ.

ಸರದಿಯಲ್ಲಿ ಎರಡನೆಯವನಾಗಿ ಬಂದವನ ಕರ್ತವ್ಯವನ್ನೂ ಹೇಳದೆ ಬಿಡಲಾಗದು. ತೆರೆದಿರುವ ಅನ್ಯರ ಅಂಚೆಪೆಟ್ಟಿಗೆಯು ಎದುರಿಗೆ ಬಂದಾಗ ಅವನು ಅಪರಾಧಿಯಲ್ಲ. ಕಣ್ಣಿಗೆ ಬಿದ್ದುದಕ್ಕೆ ಯಾರೂ ಹೊಣೆಯಲ್ಲ. ಅಪರಾಧವು ಆರಂಭವಾಗುವುದು ಎರಡನೆಯ ಸಾಲನ್ನು ಓದಿದಾಗ. ಓದದೆಯೆ ಲಾಗ್ ಔಟ್ ಗುಂಡಿಯನ್ನು ಒತ್ತಿ, ಸಂಬಂಧಪಟ್ಟವನು ಗೊತ್ತಿದ್ದರೆ ಅವನೊಬ್ಬನಿಗೇ ಕಿವಿಯಲ್ಲಿ ಹೇಳಿದರೆ ಕೆಲಸ ಮುಗಿಯಿತು.

ಮೇಲಿನ ದೃಷ್ಟಾಂತದ ಬಾಲಕನಿಗೆ ಪಂಕ್ತಿಯಲ್ಲಿ ಕುಳಿತಾಗಲೇ ತನ್ನ ಮರೆವು ನೆನಪಾಯಿತೆಂದು ಭಾವಿಸಿದರೆ, ಅವನು ಆಗ ಮಾಡಬಹುದಾಗಿದ್ದುದು ಬಹಳವುಂಟು. ಯಂತ್ರದ ಬಳಿಗೆ ಓಡಿಹೋಗಬೇಕಾದುದೂ ಇಲ್ಲ. ಜಿಮೇಲ್ ಖಾತೆಯಲ್ಲಿ, ಬೇರೆಡೆ ತೆರೆದಿರುವ ಪ್ರವೇಶಗಳನ್ನು ದೂರದಿಂದಲೇ ಮುಚ್ಚುವ ಸೌಕರ್ಯವು 2008ರಿಂದಲೂ ಇದೆ. ಈಗ ಖಾತೆಯ ಭದ್ರತಾವಿಭಾಗದಲ್ಲಿ 'ಯುವರ್ ಡಿವೈಸಸ್' ಎಂಬ ಪಟ್ಟಿಯನ್ನು ತೆರೆದರೆ ಯಾವ ಯಾವ ಯಂತ್ರದಲ್ಲಿ ಬಾಗಿಲು ತೆರೆದಿದೆಯೆಂದು ಕಾಣುತ್ತದೆ. ವಾರ್ಡನ್ನರ ಫೋನಿನಿಂದಲಾದರೂ ತನ್ನ ಖಾತೆಯನ್ನು ಪ್ರವೇಶಿಸಿ, ಪ್ರಸಾದನಿಲಯದ ಯಂತ್ರವನ್ನು ಅಲ್ಲಿಂದ ಹೊರಗೆ ಹಾಕಿ, ಗುಪ್ತಪದವನ್ನು ಬದಲಾಯಿಸಿ, ಕಡೆಗೆ ಆ ಫೋನಿನಲ್ಲಿಯೂ ಮರೆಯದೆ ಸೈನ್ ಔಟ್ ಮಾಡಬಹುದಾಗಿತ್ತು. ಅಷ್ಟರೊಳಗೆ ಯಾರಾದರೂ ಒಳಹೊಕ್ಕಿದ್ದರೆ ಅವರು ಮಾಡಿರಬಹುದಾದ ಎರಡು ಕಿತಾಪತಿಗಳನ್ನೂ ಹುಡುಕಬೇಕು. ಬಂದ ಓಲೆಗಳೆಲ್ಲ ಇನ್ನೊಂದು ವಿಳಾಸಕ್ಕೂ ಹೋಗುವಂತೆ 'ಫಾರ್ವರ್ಡಿಂಗ್' ಏರ್ಪಾಡು ಮಾಡಿರುವುದು ಒಂದು. ಗುಪ್ತಪದ ಮರೆತಾಗ ಬಳಸುವ ಫೋನ್ ಸಂಖ್ಯೆಯನ್ನೋ ವಿಳಾಸವನ್ನೋ ತಮ್ಮದಕ್ಕೆ ಬದಲಿಸಿರುವುದು ಮತ್ತೊಂದು. ಇವುಗಳನ್ನು ಬಿಟ್ಟರೆ ಗುಪ್ತಪದವನ್ನು ಬದಲಾಯಿಸಿಯೂ ಫಲವಿಲ್ಲ.

ಇಷ್ಟು ಮಾಡಿದ ಮೇಲೆ ಉಳಿಯುವುದು ಕಷ್ಟತಮವಾದ ಕೆಲಸ. ಓಲೆಗಳು ಬೇರೆಯವರ ಕಣ್ಣಿಗೆ ಬಿದ್ದಿರಬಹುದೆಂಬ ಸಂಗತಿಯನ್ನು ಅಕ್ಕನಿಗೆ ಆ ದಿನವೇ ತಿಳಿಸಬೇಕು. ನಾಚಿಕೆಯಿಂದ ಬಾಲಕರು ಇದನ್ನು ನಾಳೆಗೆ, ನಾಡಿದ್ದಿಗೆ ಎಂದು ಮುಂದೂಡುವರು. ಊರಿಗೆ ಸುದ್ದಿ ಮುಟ್ಟಲು ಬೇಕಾದುದು ಒಂದು ತಿಂಗಳು; ಆ ತಿಂಗಳು ತಮ್ಮನ ಬಾಯಿಂದ ಮಾತು ಹೊರಟರೆ ಅಕ್ಕನ ಕೈಗೆ ಸಿಗುತ್ತದೆ. ಗಂಡನಿಗೆ ತಾನೇ ಮೊದಲು ಹೇಳುವಳೋ, ತವರಿಗೆ ನಾಲ್ಕು ದಿನ ಬರುವಳೋ, ಹಿರಿಯರನ್ನು ಕೂರಿಸಿಕೊಂಡು ಮಾತಾಡಿಸುವಳೋ ಎಂಬುದನ್ನು ಆಕೆಯೇ ನಿಶ್ಚಯಿಸಿಕೊಳ್ಳಲು ಅಷ್ಟು ದಿನಗಳು ಸಾಕು.